ಕೈಯೊಳಗಿನ ಯಂತ್ರ ಮತ್ತು ನಮ್ಮ ತರುಣರು

(ಅಭ್ಯಾಸ ಪಾಠ)



ಬೊರಿವಲಿಯ ನಮ್ಮ ಉಚಿತ ವಾಚನಾಲಯದ ಸಮಿತಿಯ ಮುಂದೆ ಈಚೆಗೆ ಒಂದು ಪ್ರಶ್ನೆ ಬಂದಿತು. ಓದುವ ಕೋಣೆಯಲ್ಲಿ ಮೊಬೈಲ್ ತೆರೆಯಲು ಬಿಡಬೇಕೇ, ಬಿಡಬಾರದೇ? ಒಬ್ಬ ಹಿರಿಯ ಸದಸ್ಯರು, "ಇದು ಪತ್ರಿಕೆ ಓದುವ ಜಾಗ. ಆ ಯಂತ್ರ ಬಾಗಿಲ ಹೊರಗಿರಲಿ" ಎಂದರು. ಇನ್ನೊಬ್ಬರು, "ಹಾಗೆ ಮಾಡಿದರೆ ಹುಡುಗರೂ ಬಾಗಿಲ ಹೊರಗೇ ಉಳಿದಾರು" ಎಂದರು. ಮಾತು ಬೆಳೆಯಿತೇ ಹೊರತು ತೀರ್ಮಾನವಾಗಲಿಲ್ಲ. ಆದುದರಿಂದ ಈ ವಿಷಯವನ್ನು ವಾಚಕರ ಮುಂದಿಟ್ಟು, ಲಾಭ ಹಾನಿಗಳನ್ನು ಒಂದೊಂದಾಗಿ ಎಣಿಸಿ ನೋಡುವುದು ಉಚಿತವೆಂದು ನಮಗೆ ತೋರಿತು. ಪಾಠದ ಕೊನೆಯಲ್ಲಿ ಚರ್ಚೆಗಾಗಿ ಕೆಲವು ಪ್ರಶ್ನೆಗಳನ್ನು ಕೊಟ್ಟಿದ್ದೇವೆ.

೧. ನಮ್ಮದೇ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಎರಡು ವರ್ಷಗಳ ಹಿಂದೆ ನಮ್ಮ ಕೋಣೆಗೆ ದಿನವೂ ಇಬ್ಬರು ತರುಣರು ಬರುತ್ತಿದ್ದರು. ಒಬ್ಬನು ಕುಂದಾಪುರದ ಕಡೆಯವನು, ಹೋಟೆಲಿನಲ್ಲಿ ಕೆಲಸ. ಮಧ್ಯಾಹ್ನದ ಬಿಡುವಿನಲ್ಲಿ ಬಂದು, ಗೋಡೆಯ ಪ್ಲಗ್ಗಿನ ಹತ್ತಿರದ ಮೂಲೆಯಲ್ಲಿ ಕುಳಿತು, ಕಿವಿಗೆ ವಯರು ಸಿಕ್ಕಿಸಿಕೊಂಡು ಮೊಬೈಲ್ ನೋಡುತ್ತಿದ್ದ. ಒಂದು ದಿನವೂ ಪತ್ರಿಕೆ ಮುಟ್ಟಿದವನಲ್ಲ. ಮತ್ತೊಬ್ಬನು ಖಾಸಗಿ ಕಚೇರಿಯಲ್ಲಿ ಗುಮಾಸ್ತ. ಸಂಜೆ ಬಂದು ಎರಡು ಪತ್ರಿಕೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಮಡಚಿಟ್ಟು, ಹಿರಿಯರಿಗೆ ನಮಸ್ಕಾರ ಹೇಳಿ ಹೋಗುತ್ತಿದ್ದ. ಮೊದಲನೆಯವನನ್ನು ನಾವು ಗದರಿಸಿದೆವು, ಎರಡನೆಯವನನ್ನು ಇತರರಿಗೆ ಮಾದರಿಯೆಂದು ತೋರಿಸಿದೆವು.

ಗದರಿಸಿದ ದಿನ ಆ ಹುಡುಗ ಮೊಬೈಲನ್ನು ನಮ್ಮ ಕಡೆಗೆ ತಿರುಗಿಸಿ, "ಆಟ ಅಲ್ಲ ಅಣ್ಣ, ಲೆಕ್ಕದ ಪಾಠ. ಪರೀಕ್ಷೆ ಹತ್ತಿರ ಬಂತು" ಎಂದ. ಅವನು ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ಪರೀಕ್ಷೆಗೆ ಕಟ್ಟಿದ್ದ. ಹೋಟೆಲಿನ ಕೋಣೆಯಲ್ಲಿ ಎಂಟು ಜನರ ನಡುವೆ ಪಾಠ ಕೇಳುವಂತಿರಲಿಲ್ಲ. ನಮ್ಮ ಮೂಲೆಯೇ ಅವನ ಶಾಲೆಯಾಗಿತ್ತು.

ಅದಾಗಿ ಕೆಲವು ತಿಂಗಳಿಗೆ ಗುಮಾಸ್ತ ತರುಣನು ಬರುವುದು ನಿಂತಿತು. ವಿಚಾರಿಸಿದಾಗ ತಿಳಿದುದೇನೆಂದರೆ, ಅವನು ರಾತ್ರಿ ಹೊತ್ತು ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಇಸ್ಪೀಟಿನಲ್ಲಿ ತೊಡಗಿ, ಎರಡು ತಿಂಗಳ ಪಗಾರವನ್ನೂ, ತಂಗಿಯ ಮದುವೆಗೆಂದು ಕೂಡಿಟ್ಟ ಹಣವನ್ನೂ ಕಳೆದುಕೊಂಡು, ಗೆಳೆಯರಿಂದ ಸಾಲ ಮಾಡಿದ್ದ. ಸಾಲಗಾರರ ಮುಖ ನೋಡಲಾಗದೆ ಬರುವುದನ್ನು ಬಿಟ್ಟಿದ್ದ. ಈಗ ಕಂತಿನ ಮೇಲೆ ತೀರಿಸುತ್ತಿದ್ದಾನೆ.

ಮೊಬೈಲ್ ಹಿಡಿದವನೆಲ್ಲ ಕೆಟ್ಟವನಲ್ಲ, ಪತ್ರಿಕೆ ಹಿಡಿದವನೆಲ್ಲ ಪಾರಾದವನೂ ಅಲ್ಲ. ಯಂತ್ರವನ್ನು ನೋಡಿ ಮನುಷ್ಯನನ್ನು ಅಳೆಯಲು ಹೊರಟ ನಾವು ಎರಡು ಕಡೆಯೂ ತಪ್ಪಿದೆವು. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕಾಗಿ ಕೋರುತ್ತೇವೆ.

೨. ಹೊಸ ಯಂತ್ರ, ಹಳೆಯ ಭಯ

ಹಿರಿಯರು ಹೊಸ ಸಾಧನಗಳಿಗೆ ಹೆದರುವುದು ಇಂದಿನ ಮಾತಲ್ಲ. ೧೯೨೮ರ ಜನವರಿಯಲ್ಲಿ ಕೊಲಾಬಾದಿಂದ ನಮ್ಮ ಬೊರಿವಲಿಯವರೆಗೆ ವಿದ್ಯುತ್ ರೈಲು ಓಡತೊಡಗಿತು. ಅದಿಲ್ಲದಿದ್ದರೆ ಫೋರ್ಟಿನಲ್ಲಿ ದುಡಿದು ಇಲ್ಲಿ ಬಂದು ಮಲಗುವ ನಮ್ಮ ಬಾಳುವೆಯೇ ಇರುತ್ತಿರಲಿಲ್ಲ. ಆದರೂ ರೈಲು ಅಪಾಯವಲ್ಲವೆಂದು ಯಾರು ಹೇಳಿಯಾರು? ೧೯೫೭ರಲ್ಲಿ ವಿವಿಧ ಭಾರತಿ ಆರಂಭವಾದಾಗ ಹುಡುಗರು ಹಾಡು ಕೇಳಿ ಕೆಡುತ್ತಾರೆಂಬ ಮಾತಿತ್ತು. ೧೯೭೨ರ ಅಕ್ಟೋಬರ್ ೨ರಂದು ಮುಂಬಯಿಗೆ ದೂರದರ್ಶನ ಬಂದ ಮೇಲೆ ಅದೇ ಮಾತು ಟೀವಿಗೆ ವರ್ಗವಾಯಿತು.

ಊರಿನಿಂದ ದೂರವಿರುವ ನಮ್ಮಂಥವರಿಗೆ ಸುದ್ದಿ ತಲುಪಿಸುವ ಸಾಧನಗಳೂ ಹೀಗೆಯೇ ಬದಲಾದವು. ಹಿಂದೆ ಬರೆಯಲು ಬಾರದವರು ಮುಂಬಯಿಯ ದೊಡ್ಡ ಅಂಚೆ ಕಚೇರಿಯ ಎದುರು ಕುಳಿತ ಬರಹಗಾರರಿಂದ ಕಾಗದ ಬರೆಯಿಸಿ ಹಾಕುತ್ತಿದ್ದರು. ಸಾವು ನೋವಿನ ಸುದ್ದಿ ತಂತಿಯಲ್ಲಿ ಬರುತ್ತಿತ್ತು. ಬಳಿಕ ಟ್ರಂಕ್ ಕಾಲು, ಆಮೇಲೆ ಹಳದಿ ಹಲಗೆಯ ಎಸ್‌ಟಿಡಿ ಅಂಗಡಿ. ೧೯೯೫ರ ಜುಲೈ ೩೧ರಂದು ದೇಶದ ಮೊದಲ ಮೊಬೈಲ್ ಕರೆ ಕಲಕತ್ತೆಯಿಂದ ದಿಲ್ಲಿಗೆ ಹೋಯಿತು. ಅದೇ ವರ್ಷದ ಆಗಸ್ಟ್ ೧೫ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆಯಿತು. ೨೦೧೩ರ ಜುಲೈಯಲ್ಲಿ ತಂತಿ ಇಲಾಖೆಯ ತಂತಿ ನಿಂತೇ ಹೋಯಿತು. ೨೦೧೬ರಿಂದೀಚೆಗೆ ಇಂಟರ್ನೆಟ್ಟಿನ ದರ ಇಳಿದುದರಿಂದ ಸಾಹೇಬನ ಮೇಜಿನ ಮೇಲಿದ್ದ ವಸ್ತು ಪಾತ್ರೆ ತೊಳೆಯುವ ಹುಡುಗನ ಕಿಸೆಗೂ ಬಂದಿತು.

ಹಿಂದಿನ ಸಾಧನಗಳಿಗೂ ಇದಕ್ಕೂ ಒಂದು ಭೇದವುಂಟು. ರೇಡಿಯೋ ಎಲ್ಲರಿಗೂ ಒಂದೇ ಹಾಡು ಹಾಡುತ್ತಿತ್ತು, ರಾತ್ರಿ ಹೊತ್ತಾದರೆ ನಿಲ್ಲುತ್ತಿತ್ತು. ಇದು ಒಬ್ಬೊಬ್ಬನನ್ನೂ ಬೇರೆಯಾಗಿ ಗಮನಿಸಿ, ಅವನಿಗೆ ಬೇಕಾದುದನ್ನೇ ಮುಂದೆ ಹಿಡಿಯುತ್ತದೆ, ತಾನಾಗಿ ಎಂದೂ ನಿಲ್ಲುವುದಿಲ್ಲ. ಲಾಭವೂ ಹಾನಿಯೂ ಬಹುಮಟ್ಟಿಗೆ ಈ ಭೇದದಿಂದಲೇ ಹುಟ್ಟಿವೆ.

೩. ಲಾಭಗಳು

(ಅ) ವಿದ್ಯೆ. ಮುಂಬಯಿಗೆ ಬಂದ ನಮ್ಮವರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು ಮೇಲೆ ಬಂದವರು. ಆದರೆ ರಾತ್ರಿ ಪಾಳಿಯವನಿಗೆ ರಾತ್ರಿ ಶಾಲೆ ಒದಗುತ್ತಿರಲಿಲ್ಲ. ಇಂದು ಪಾಠವೇ ಅವನ ಬಿಡುವಿಗೆ ಕಾಯುತ್ತದೆ. ೧೯೮೯ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ದುಡಿಯುವವರು ಹತ್ತನೆಯ ಮತ್ತು ಹನ್ನೆರಡನೆಯ ಪರೀಕ್ಷೆಗಳಿಗೆ ಕುಳಿತುಕೊಳ್ಳಬಹುದು. ಕೇಂದ್ರ ಸರಕಾರದ 'ಸ್ವಯಂ' ಎಂಬ ತಾಣದಲ್ಲಿ ೨೦೧೭ರಿಂದ ಕಾಲೇಜು ಮಟ್ಟದ ಪಾಠಗಳು ಪುಕ್ಕಟೆಯಾಗಿ ದೊರೆಯುತ್ತಿವೆ. ೨೦೧೬ರ ಜನವರಿಯಲ್ಲಿ ನಮ್ಮ ಮುಂಬಯಿ ಸೆಂಟ್ರಲ್ ಸ್ಟೇಶನ್ನಿನಲ್ಲಿ ಬಿಟ್ಟಿ ವೈಫೈ ಆರಂಭವಾಯಿತು. ಮುಂದೆ ಕೇರಳದ ಎರ್ನಾಕುಲಂ ಸ್ಟೇಶನ್ನಿನಲ್ಲಿ ಹೊರೆ ಹೊರುತ್ತಿದ್ದ ಒಬ್ಬ ಕೂಲಿ, ತಲೆಯ ಮೇಲೆ ಪೆಟ್ಟಿಗೆ, ಕಿವಿಯಲ್ಲಿ ಪಾಠ ಇಟ್ಟುಕೊಂಡು ಕಲಿತು ೨೦೧೮ರಲ್ಲಿ ಆ ರಾಜ್ಯದ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆಯನ್ನು ಮುಗಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಒಂದು ಸಣ್ಣ ಲೆಕ್ಕ ಮಾಡೋಣ. ಬೊರಿವಲಿಯಿಂದ ಚರ್ಚ್‌ಗೇಟಿಗೆ ಸುಮಾರು ೩೪ ಕಿಲೋಮೀಟರ್. ಹೋಗಿ ಬರಲು ದಿನಕ್ಕೆ ಎರಡು ಗಂಟೆಯೆಂದು ಹಿಡಿಯಿರಿ. ತಿಂಗಳಿಗೆ ೨೫ ದಿನದಂತೆ ೫೦ ಗಂಟೆ, ವರ್ಷಕ್ಕೆ ೬೦೦ ಗಂಟೆ. ಗರ್ದಿಯಲ್ಲಿ ಪುಸ್ತಕ ಬಿಚ್ಚಲು ಕೈ ಆಡುವುದಿಲ್ಲ, ಆದರೆ ಕಿವಿ ಬಿಡುವಾಗಿರುತ್ತದೆ. ಅದರಲ್ಲಿ ಕಾಲುಭಾಗ ಇಂಗ್ಲಿಷ್ ಸಂಭಾಷಣೆಯನ್ನೋ ಲೆಕ್ಕಪತ್ರದ ಪಾಠವನ್ನೋ ಕೇಳಿದರೂ ವರ್ಷಕ್ಕೆ ೧೫೦ ಗಂಟೆಯ ಶಾಲೆಯಾಯಿತು. ಕಿವಿಯಲ್ಲಿ ವಯರಿಟ್ಟು ಹಳಿ ದಾಟುವುದು ಮಾತ್ರ ಬೇಡ. ಹಾಗೆ ದಾಟುವುದು ೧೯೮೯ರ ರೈಲ್ವೆ ಕಾನೂನಿನಂತೆ ಅಪರಾಧವೂ ಹೌದು, ಪ್ರಾಣಕ್ಕೆ ಕುತ್ತೂ ಹೌದು. ಸೇತುವೆಯ ಮೇಲೆ ಹತ್ತಿಳಿಯಲು ಐದು ನಿಮಿಷ ಸಾಕು.

(ಆ) ಕನ್ನಡ. ಯಂತ್ರ ಬಂದರೆ ಕನ್ನಡ ಹೋಯಿತೆಂದು ಹೇಳುವವರು ಒಂದು ಸಂಗತಿಯನ್ನು ತಿಳಿಯಬೇಕು. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರಗಳನ್ನು ಸುಲಭವಾಗಿ ಟೈಪು ಮಾಡುವ ಕೀಲಿಮಣೆಯನ್ನು ರೂಪಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು. ಅವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಅಚ್ಚಿನ ಉದ್ಯಮವನ್ನು ಬಲ್ಲವರು. ಕೆಲವೇ ಕೀಲಿಗಳಿಂದ ಗುಣಿತ, ಒತ್ತಕ್ಷರಗಳೆಲ್ಲವನ್ನೂ ಮೂಡಿಸುವ ಅವರ ವಿಧಾನವೇ ಮುಂದೆ 'ನುಡಿ' ತಂತ್ರಾಂಶದ ಕೀಲಿಮಣೆಗೆ ತಳಹದಿಯಾಯಿತು. ೧೯೯೧ರಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಕ್ರಮವಾದ ಯೂನಿಕೋಡ್ ಪ್ರಕಟವಾದಾಗ ಅದರಲ್ಲಿ ಕನ್ನಡವೂ ಇತ್ತು. ಆದುದರಿಂದಲೇ ಇಂದು ಒಬ್ಬನ ಮೊಬೈಲಿನಿಂದ ಹೋದ ಕನ್ನಡ ಕಾಗದ ಇನ್ನೊಬ್ಬನ ಮೊಬೈಲಿನಲ್ಲಿ ಕನ್ನಡವಾಗಿಯೇ ಕಾಣುತ್ತದೆ. ಹೀಗಿರುತ್ತ ನಮ್ಮ ತರುಣರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಅನುಕೂಲವಿಲ್ಲದ್ದರಿಂದಲ್ಲ, ಅಭ್ಯಾಸವಿಲ್ಲದ್ದರಿಂದ. ಒಂದು ವಾರ ಬಿಡದೆ ಬರೆದರೆ ಕೈ ಕೂಡುತ್ತದೆ.

(ಇ) ಕಷ್ಟಕಾಲದ ಉಪಕಾರ. ೨೦೨೦ರ ಮಾರ್ಚಿನಲ್ಲಿ ಲೋಕಲ್ ರೈಲು ನಿಂತಿತು, ಹೋಟೆಲುಗಳ ಬಾಗಿಲು ಮುಚ್ಚಿತು. ಊರಿಗೆ ಮರಳಬೇಕಾದವರು ಕರ್ನಾಟಕ ಸರಕಾರದ 'ಸೇವಾ ಸಿಂಧು' ತಾಣದಲ್ಲಿ ಹೆಸರು ನೋಂದಾಯಿಸಿ ಪರವಾನಗಿ ಪಡೆಯಬೇಕಾಗಿತ್ತು. ಐವತ್ತು ವರ್ಷ ಮುಂಬಯಿಯಲ್ಲಿ ಬಾಳಿದ ಹಿರಿಯರಿಗೆ ಆ ಫಾರ್ಮು ತುಂಬಲು ತಿಳಿಯಲಿಲ್ಲ. ತುಂಬಿಕೊಟ್ಟವರು ಯಾರು? ಇಪ್ಪತ್ತು ವರ್ಷದ ಹುಡುಗರು. ಒಂದೊಂದು ಕಟ್ಟಡದಲ್ಲಿ ಒಬ್ಬ ಹುಡುಗ ಹತ್ತಾರು ಮನೆಗಳ ಗುಮಾಸ್ತನಾಗಿದ್ದ. ಆಗ ನಾವು ಯಾರೂ ಅವನ ಕೈಯ ಮೊಬೈಲನ್ನು ಬೈಯಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದನ್ನೂ ಕಂಡೆವು. ಶಾಲೆಯ ಪಾಠ ಮೊಬೈಲಿಗೆ ಬಂದಾಗ, ಒಂದೇ ಮೊಬೈಲಿದ್ದ ಮನೆಯಲ್ಲಿ ಅಪ್ಪ ಕೆಲಸಕ್ಕೆ ಹೊರಟರೆ ಮಕ್ಕಳ ಶಾಲೆಯೂ ಅವನ ಕಿಸೆಯಲ್ಲಿ ಹೊರಟುಹೋಗುತ್ತಿತ್ತು. ಇಬ್ಬರು ಮಕ್ಕಳಿದ್ದಲ್ಲಿ ಅಣ್ಣನಿಗೆ ಪಾಠ ಸಿಕ್ಕಿ ತಂಗಿಗೆ ತಪ್ಪುತ್ತಿತ್ತು. ಯಂತ್ರ ಇದ್ದವನಿಗೆ ಲಾಭ ಹೆಚ್ಚಿದಷ್ಟೂ ಇಲ್ಲದವನು ಹಿಂದೆ ಬೀಳುತ್ತಾನೆಂಬುದನ್ನು ಮರೆಯಬಾರದು.

(ಈ) ಹಣ ಕಳಿಸುವ ಸೌಕರ್ಯ. ಊರಿಗೆ ಕಳಿಸಿದ ಮನಿಯಾರ್ಡರು ತಲುಪಲು ದಿನಗಟ್ಟಲೆ ಹಿಡಿಯುತ್ತಿತ್ತು. ೨೦೧೬ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಇಂದು ಇಲ್ಲಿ ಬೆರಳಿಟ್ಟರೆ ಅಲ್ಲಿ ಅಮ್ಮನ ಖಾತೆಗೆ ಆ ಗಳಿಗೆಯಲ್ಲೇ ಜಮೆಯಾಗುತ್ತದೆ. ಆದರೆ ಹಣ ಬೇಗ ಹೋಗುವ ದಾರಿಯಲ್ಲಿ ಕಳ್ಳನೂ ಬೇಗ ಬರುತ್ತಾನೆ. ಇದನ್ನು ಮುಂದೆ ನೋಡುವೆವು.

೪. ಹಾನಿಗಳು

(ಅ) ಹೊತ್ತಿನ ಕಳವು. ತುಣುಕು ಚಿತ್ರಗಳನ್ನು ನೋಡುತ್ತ ಕುಳಿತವನಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲವೇಕೆ? ಅದರ ಒಳಗುಟ್ಟು ಸರಳವಾಗಿದೆ. ನೀವು ಯಾವ ಚಿತ್ರದ ಮೇಲೆ ಎಷ್ಟು ಹೊತ್ತು ನಿಂತಿರಿ, ಯಾವುದನ್ನು ಸರಿಸಿದಿರಿ ಎಂಬುದನ್ನು ಯಂತ್ರ ಎಣಿಸುತ್ತಿರುತ್ತದೆ. ಅದರಂತೆ ಮುಂದಿನದನ್ನು ಆರಿಸಿ ಕೊಡುತ್ತದೆ. ಪತ್ರಿಕೆಗೆ ಕೊನೆಯ ಪುಟವಿದೆ, ಸಿನೆಮಾಕ್ಕೆ ಮುಕ್ತಾಯವಿದೆ, ಇದಕ್ಕೆ ಅಂಚೇ ಇಲ್ಲ. ನೀವು ನಿಂತಷ್ಟು ಹೊತ್ತೂ ಜಾಹೀರಾತು ತೋರಿಸಿ ಹಣ ಗಳಿಸುವುದು ಅದನ್ನು ನಡೆಸುವವರ ವ್ಯಾಪಾರ. ನೋಡುವವನು ಬಿಟ್ಟಿಯಾಗಿ ನೋಡುತ್ತಿದ್ದೇನೆಂದು ತಿಳಿಯುತ್ತಾನೆ. ಆದರೆ ನಸುಕಿನ ಪಾಳಿಗೆ ಏಳಬೇಕಾದವನು ರಾತ್ರಿ ಒಂದು ಗಂಟೆಯವರೆಗೆ ನೋಡಿದರೆ, ಬೆಲೆ ಕೊಟ್ಟದ್ದು ಅವನ ನಿದ್ದೆ. ಬಿಸಿ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವವನಿಗೆ, ಯಂತ್ರದ ಬಳಿ ಕೆಲಸ ಮಾಡುವವನಿಗೆ ನಿದ್ದೆಗೇಡು ಸಣ್ಣ ಮಾತಲ್ಲ.

(ಆ) ಹಣದ ಆಟ. ಇದು ಎಲ್ಲಕ್ಕಿಂತ ದೊಡ್ಡ ಹಳ್ಳ. "ನಾನು ಚೆನ್ನಾಗಿ ಆಡುತ್ತೇನೆ, ಸೋತದ್ದನ್ನು ನಾಳೆ ಗೆಲ್ಲುತ್ತೇನೆ" ಎಂದು ಪ್ರತಿಯೊಬ್ಬನೂ ಎಣಿಸುತ್ತಾನೆ. ಲೆಕ್ಕ ಏನು ಹೇಳುತ್ತದೆ ನೋಡಿ. ಹತ್ತು ಜನ ತಲಾ ನೂರು ರೂಪಾಯಿ ಇಟ್ಟರೆ ಒಟ್ಟು ೧೦೦೦. ಆಡಿಸುವವನು ಪ್ರತಿ ಸುತ್ತಿಗೆ ನೂರಕ್ಕೆ ಹತ್ತು ಹಿಡಿಯುವನೆಂದು ಇಟ್ಟುಕೊಳ್ಳೋಣ. ಮೊದಲ ಸುತ್ತಿಗೆ ಉಳಿದದ್ದು ೯೦೦. ಅದನ್ನೇ ಮತ್ತೆ ಕಟ್ಟಿದರೆ ೮೧೦, ಆಮೇಲೆ ೭೨೯, ಆಮೇಲೆ ೬೫೬, ಐದನೆಯ ಸುತ್ತಿಗೆ ಸುಮಾರು ೫೯೦. ಯಾರು ಗೆದ್ದರೂ ಸೋತರೂ ಹತ್ತು ಜನರ ಒಟ್ಟು ಗಂಟಿನಲ್ಲಿ ೪೧೦ ರೂಪಾಯಿ ಆಡಿಸುವವನ ಪಾಲಾಯಿತು. ಅವನು ಒಂದು ಎಲೆಯನ್ನೂ ಮುಟ್ಟಲಿಲ್ಲ. ಕೈಚಳಕ ಎಷ್ಟಿದ್ದರೂ ಈ ಸೋರಿಕೆ ನಿಲ್ಲುವುದಿಲ್ಲ.

ಇಂಥ ಆಟಗಳನ್ನು ತಡೆಯಲು ಕರ್ನಾಟಕ ೨೦೨೧ರಲ್ಲಿ ಪೋಲೀಸ್ ಕಾಯಿದೆಗೆ ತಿದ್ದುಪಡಿ ತಂದಿತ್ತು. ಅದರ ಮುಖ್ಯ ಭಾಗಗಳನ್ನು ೨೦೨೨ರ ಫೆಬ್ರವರಿಯಲ್ಲಿ ಅಲ್ಲಿಯ ಹೈಕೋರ್ಟು ರದ್ದು ಮಾಡಿತು. ಬಳಿಕ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಮಾಡಿ, ಅದಕ್ಕೆ ೨೦೨೫ರ ಆಗಸ್ಟ್ ೨೨ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಹಣ ಕಟ್ಟಿಸಿ ಆಡಿಸುವುದನ್ನೂ, ಅದರ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಸಜೆ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿ ಕೆಟ್ಟವನನ್ನು ಅದು ಅಪರಾಧಿಯೆಂದು ಎಣಿಸಿಲ್ಲ. ಆದುದರಿಂದ ಸಿಕ್ಕಿಬಿದ್ದ ತರುಣರು ಹೆದರಿ ಅಡಗುವ ಕಾರಣವಿಲ್ಲ. ಗೆಳೆಯನು ಕಳಿಸಿದ ಲಿಂಕಿನ ಮೂಲಕ ಕದ್ದು ಆಡಿಸುವ ಆಟಗಳಿಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಗೆದ್ದರೂ ಹಣ ಕೊಡುವವರಿಲ್ಲ, ಕೇಳಲು ಬಾಗಿಲಿಲ್ಲ.

(ಇ) ವಂಚನೆ. ಇದರಲ್ಲಿ ನಾಲ್ಕು ಬಗೆಗಳನ್ನು ಗುರುತಿಟ್ಟುಕೊಳ್ಳಿರಿ.

ಒಂದು: "ನಿಮಗೆ ಹಣ ಬರಬೇಕಾಗಿದೆ, ಪಿನ್ ಒತ್ತಿ" ಎನ್ನುವವನು ಕಳ್ಳ. ಯುಪಿಐಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವಾಗ, ಪಡೆಯುವಾಗ ಅಲ್ಲ.

ಎರಡು: ಪೋಲೀಸ್ ಉಡುಪಿನಲ್ಲಿ ವಿಡಿಯೋ ಕರೆ ಮಾಡಿ, "ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಎಂದು ಬೆದರಿಸುವರು. ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಅಂಥ ಬಂಧನವಿಲ್ಲ. ೨೦೨೪ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದರು.

ಮೂರು: ನಿಮಿಷದಲ್ಲಿ ಸಾಲ ಕೊಡುವ ಆ್ಯಪುಗಳು. ಸಾಲ ಕೊಡುವಾಗ ಮೊಬೈಲಿನಲ್ಲಿರುವ ನಂಬರುಗಳನ್ನೂ ಚಿತ್ರಗಳನ್ನೂ ತೆಗೆದುಕೊಂಡು, ಕಂತು ತಪ್ಪಿದರೆ ಬಂಧುಗಳಿಗೆಲ್ಲ ಕರೆ ಮಾಡಿ ಮಾನ ಕಳೆಯುವರು. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಇಂಥ ಸಾಲಕ್ಕೆ ನಿಯಮ ಮಾಡಿದೆ. ಯಾವ ಬ್ಯಾಂಕು ಅಥವಾ ನೋಂದಾಯಿತ ಸಂಸ್ಥೆಯ ಸಾಲವೆಂದು ತಿಳಿಯದೆ ಮುಟ್ಟಬೇಡಿ.

ನಾಲ್ಕು: ಖಾತೆಯ ಬಾಡಿಗೆ. "ನಿನ್ನ ಬ್ಯಾಂಕು ಖಾತೆಗೆ ಸ್ವಲ್ಪ ಹಣ ಬರುತ್ತದೆ, ಅದನ್ನು ಮುಂದಕ್ಕೆ ಕಳಿಸು, ನಿನಗೆ ಕಮಿಷನ್" ಎಂದು ಹೊಸದಾಗಿ ಬಂದ ಹುಡುಗರನ್ನು ಹಿಡಿಯುವರು. ಅದು ಯಾರಿಂದಲೋ ದೋಚಿದ ಹಣ. ಪೋಲೀಸರು ಹುಡುಕುತ್ತ ಬಂದಾಗ ಸಿಗುವುದು ಖಾತೆಯ ಮಾಲಿಕನ ಹೆಸರು. ಕೆಲವು ಸಾವಿರದ ಆಸೆಗೆ ಜೈಲು ಕಾಣಬೇಕಾದೀತು. ಪರವೂರಿನಲ್ಲಿ ಬಿಡಿಸಲು ಬರುವವರು ಯಾರು?

ಹಣ ಹೋದದ್ದು ತಿಳಿದ ಕೂಡಲೆ ೧೯೩೦ ನಂಬರಿಗೆ ಕರೆ ಮಾಡಬೇಕು, ಬಳಿಕ ಬ್ಯಾಂಕಿಗೂ ಪೋಲೀಸ್ ಠಾಣೆಗೂ ತಿಳಿಸಬೇಕು. ಕಳ್ಳನು ಹಣವನ್ನು ಖಾತೆಯಿಂದ ಖಾತೆಗೆ ಓಡಿಸುತ್ತಿರುತ್ತಾನೆ. ಅದು ಕೊನೆಯ ಖಾತೆ ದಾಟುವ ಮೊದಲು ದೂರು ಬಂದರೆ ತಡೆಹಿಡಿಯಲು ಸಾಧ್ಯ. ಮನೆಯವರು ಬೈದಾರೆಂದು ಎರಡು ದಿನ ಮುಚ್ಚಿಟ್ಟರೆ ದಾರಿ ಮುಚ್ಚಿಹೋಗುತ್ತದೆ.

(ಈ) ಸುಳ್ಳು ಸುದ್ದಿ. ೨೦೧೮ರಲ್ಲಿ ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ಸುಳ್ಳು ಸಂದೇಶ ವಾಟ್ಸಾಪಿನಲ್ಲಿ ಹಬ್ಬಿತು. ಜುಲೈ ೧ರಂದು ನಮ್ಮ ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಗುಂಪು ಸೇರಿ ಐದು ಜನರನ್ನು ಹೊಡೆದು ಕೊಂದಿತು. ಅವರು ಊರೂರು ಅಲೆದು ಬೇಡಿ ಬದುಕುವ ಬಡವರು. ಎರಡು ವಾರ ಕಳೆಯುವ ಮೊದಲೇ ಕರ್ನಾಟಕದ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಗೆಳೆಯರ ತಂಡದಲ್ಲಿದ್ದ ಒಬ್ಬ ಎಂಜಿನಿಯರನು ಹಾಗೆಯೇ ಸತ್ತನು. ಆ ತಿಂಗಳಲ್ಲೇ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸದಂತೆ ಮಿತಿ ಇಟ್ಟರು. ಯಂತ್ರದ ಮಿತಿಗಿಂತ ಮನಸ್ಸಿನ ಮಿತಿ ದೊಡ್ಡದು. ಸತ್ತವರೆಲ್ಲ ಆ ಊರಿಗೆ ಪರಸ್ಥಳದವರು ಎಂಬುದನ್ನು ಗಮನಿಸಿರಿ. ನಾವೂ ಈ ಊರಿಗೆ ಪರಸ್ಥಳದಿಂದ ಬಂದವರೇ. ಆದುದರಿಂದ ಗುರುತಿಲ್ಲದವರ ಮೇಲೆ ದ್ವೇಷ ಹುಟ್ಟಿಸುವ ಸಂದೇಶವನ್ನು ಮುಂದಕ್ಕೆ ಕಳಿಸುವ ಮೊದಲು ನಮ್ಮವರು ಎಲ್ಲರಿಗಿಂತ ಹೆಚ್ಚು ಯೋಚಿಸಬೇಕು. ಇದರಲ್ಲಿ ತರುಣರಿಗಿಂತ ನಾವು ಹಿರಿಯರೇ ಹೆಚ್ಚು ತಪ್ಪಿತಸ್ಥರೆಂದು ಒಪ್ಪಿಕೊಳ್ಳಬೇಕಾಗಿದೆ.

೫. ಹಾಗಾದರೆ ಮಾಡತಕ್ಕದ್ದೇನು?

ಮಳೆ ಬಂತೆಂದು ಕೆರೆಯನ್ನು ಶಪಿಸಿ ಫಲವಿಲ್ಲ, ಕಟ್ಟೆಯನ್ನು ಭದ್ರ ಮಾಡಬೇಕು. ನಮಗೆ ತೋರಿದ ಕೆಲವು ಕಟ್ಟುಗಳನ್ನು ಹೇಳುವೆವು.

ಪಗಾರ ಬಂದ ದಿನವೇ ಊರಿನ ಪಾಲನ್ನು ಊರಿಗೆ ಕಳಿಸಿರಿ. ಉಳಿತಾಯವನ್ನು ಮೊಬೈಲಿಗೆ ಜೋಡಿಸದ ಬೇರೆ ಖಾತೆಯಲ್ಲಿಡಿರಿ. ದಿನಬಳಕೆಯ ಖಾತೆಯಲ್ಲಿ ಕೆಲವೇ ರೂಪಾಯಿಗಳಿದ್ದರೆ ಕಳ್ಳನ ಕೈಗೂ ಅಷ್ಟೇ ಸಿಗುತ್ತದೆ, ಆಟದ ಚಪಲಕ್ಕೂ ಅಷ್ಟೇ ಸಿಗುತ್ತದೆ. ಮಲಗುವಾಗ ಮೊಬೈಲನ್ನು ಕೈಗೆಟಕದ ದೂರದಲ್ಲಿ ಚಾರ್ಜಿಗಿಡಿರಿ. ಬೇಡದ ಸೂಚನೆಗಳ ಸದ್ದನ್ನು ನಿಲ್ಲಿಸಿರಿ. ದಿನದಲ್ಲಿ ನೋಡುವ ಹೊತ್ತಿಗೆ ಸಮನಾಗಿ ಅಲ್ಲದಿದ್ದರೂ ಅರ್ಧದಷ್ಟಾದರೂ ಕಲಿಯುವ ಹೊತ್ತಿಡಿರಿ. ಮನೆಯ ಹಿರಿಯರು, "ಎಷ್ಟು ಹೊತ್ತು ನೋಡಿದೆ?" ಎಂದು ಕೇಳುವುದಕ್ಕಿಂತ "ಏನು ನೋಡಿದೆ?" ಎಂದು ಪಕ್ಕದಲ್ಲಿ ಕುಳಿತು ಕೇಳುವುದು ಮೇಲು. ಹುಡುಗ ತಪ್ಪು ಮಾಡಿ ಬಂದಾಗ ಬೈಗುಳವನ್ನು ಮರುದಿನಕ್ಕೆ ಇಟ್ಟುಕೊಂಡು, ಅಂದು ೧೯೩೦ಕ್ಕೆ ಕರೆ ಮಾಡಿರಿ.

ಇನ್ನು ನಮ್ಮ ವಾಚನಾಲಯದ ಪ್ರಶ್ನೆ. ಮೊಬೈಲನ್ನು ಹೊರಗಿಟ್ಟಿದ್ದರೆ ಕುಂದಾಪುರದ ಆ ಹುಡುಗನ ಶಾಲೆಯನ್ನು ಹೊರಗಿಟ್ಟಂತಾಗುತ್ತಿತ್ತು. ಅವನು ಪರೀಕ್ಷೆ ಮುಗಿಸಿ, ಕಳೆದ ವರ್ಷ ಅಂಕಪಟ್ಟಿಯನ್ನು ತಂದು ನಮ್ಮ ಮೇಜಿನ ಮೇಲಿಟ್ಟ. ನಾವು ಗದರಿಸಿದ್ದನ್ನು ಅವನು ಎತ್ತಲಿಲ್ಲ, ನಮಗೆ ಮಾತ್ರ ನೆನಪಾಯಿತು. ಗುಮಾಸ್ತ ತರುಣನ ಸಂಗತಿ ನಮ್ಮನ್ನು ಇನ್ನೂ ಹೆಚ್ಚು ಚುಚ್ಚುತ್ತದೆ. ಆರು ತಿಂಗಳು ನಮ್ಮೆದುರು ಕುಳಿತವನ ಹತ್ತಿರ ನಾವು ಒಂದು ದಿನವೂ, "ಹೇಗಿದ್ದೀಯಪ್ಪ?" ಎಂದು ಕೇಳಿರಲಿಲ್ಲ. ನಮಸ್ಕಾರ ಹೇಳುತ್ತಿದ್ದನೆಂಬುದೇ ನಮಗೆ ಸಾಕಾಗಿತ್ತು.

ನಮ್ಮ ಅಭಿಪ್ರಾಯದಲ್ಲಿ ಪ್ಲಗ್ಗಿನ ಮೂಲೆಯಲ್ಲಿ ಎರಡು ಕುರ್ಚಿಗಳನ್ನು ಕಲಿಯುವವರಿಗಾಗಿ ಮೀಸಲಿಡಬೇಕು. ಸದ್ದು ಹೊರಬರಬಾರದು, ಆಟ ಕೂಡದು. ಆದಿತ್ಯವಾರ ಸಂಜೆ ಒಂದು ಗಂಟೆ ತರುಣರು ಹಿರಿಯರಿಗೆ ಮೊಬೈಲಿನಲ್ಲಿ ಕನ್ನಡ ಬರೆಯಲು, ಫಾರ್ಮು ತುಂಬಲು ಕಲಿಸಲಿ. ಹಿರಿಯರು ತರುಣರಿಗೆ ಒಂದು ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಹೋಲಿಸಿ ಓದುವುದನ್ನು ಕಲಿಸಲಿ. ಮಾತಿಗೆ ಮಾತು ಬೆಳೆದರೆ ಸಾಲದ ಸುದ್ದಿಯೂ ಸಕಾಲಕ್ಕೆ ಹೊರಬಂದೀತು. ಇದು ನಮ್ಮ ಅಭಿಪ್ರಾಯ ಮಾತ್ರ. ಮುಂದಿನ ಸಭೆಯಲ್ಲಿ ವಾಚಕರು, ಮುಖ್ಯವಾಗಿ ತರುಣರು ಬಂದು ತಮ್ಮ ಮಾತನ್ನು ಹೇಳಬೇಕೆಂದು ವಿನಂತಿ.

ಚರ್ಚೆಗೆ ಪ್ರಶ್ನೆಗಳು

೧. ರೇಡಿಯೋ, ಟೀವಿಗಳಿಗೂ ಮೊಬೈಲಿಗೂ ಇರುವ ಮುಖ್ಯ ಭೇದ ಯಾವುದು? ಅದರಿಂದ ಲಾಭ ಹಾನಿಗಳು ಹೇಗೆ ಹುಟ್ಟುತ್ತವೆ?

೨. ಹಣದ ಆಟದಲ್ಲಿ ಆಡಿಸುವವನು ನೂರಕ್ಕೆ ಐದು ಹಿಡಿದರೆ, ಐದು ಸುತ್ತುಗಳ ಬಳಿಕ ೧೦೦೦ ರೂಪಾಯಿಯಲ್ಲಿ ಆಟಗಾರರ ಬಳಿ ಉಳಿಯುವುದೆಷ್ಟು? ಲೆಕ್ಕ ಮಾಡಿ ತನ್ನಿರಿ.

೩. ನಿಮ್ಮ ಕೋಣೆಯ ಗೆಳೆಯನು ತನ್ನ ಬ್ಯಾಂಕು ಖಾತೆಯನ್ನು ಬಾಡಿಗೆಗೆ ಕೊಡಲು ಹೊರಟಿದ್ದಾನೆ. ಅವನಿಗೆ ಏನೆಂದು ತಿಳಿಹೇಳುವಿರಿ?

೪. ನಿಮ್ಮ ಪ್ರಯಾಣದ ಹೊತ್ತನ್ನು ವರ್ಷಕ್ಕೆ ಲೆಕ್ಕ ಹಾಕಿರಿ. ಅದರಲ್ಲಿ ಏನನ್ನು ಕಲಿಯಲು ಬಯಸುವಿರಿ?

೫. ವಾಚನಾಲಯದಲ್ಲಿ ಮೊಬೈಲ್ ಇರಬೇಕೇ? ಇರಬೇಕಾದರೆ ಯಾವ ನಿಯಮಗಳ ಮೇಲೆ?